ಹನ್ನೊಂದು ವರ್ಷ ತಡವಾಗಿ ಬಂದ ಗೇಲಿ

ಜಾಂಬಿಯಾದ ಉತ್ತರ ಸೀಮೆಯಲ್ಲಿ ಶಾಲಾ ಮಕ್ಕಳಿಗೆ ಕವಾಯತು ಕಲಿಸಿದವರು ಹಲವರಿದ್ದಾರೆ. ಕವಾಯತಿನ ಜೊತೆಗೆ ಹೆಣ್ಣುಮಕ್ಕಳ ಕೈಗೆ ಲಾರಿಯ ಸ್ಟೇರಿಂಗನ್ನೂ ಕೊಟ್ಟವರು ನಿವೃತ್ತ ಸಾರ್ಜೆಂಟ್ ಮೇಜರ್ ಶ್ರೀ ಕೆಫಾಸಿ ಶೋಂಗಾ ಅವರೊಬ್ಬರೇ. ಮೂವತ್ತೆರಡು ವರ್ಷ ಸೈನ್ಯದಲ್ಲಿ, ಹದಿನಾರು ವರ್ಷ ನಮ್ಮ ಲುಬೆಮೆ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ದುಡಿದು, ಅರವತ್ತೆಂಟರ ವಯಸ್ಸಿನಲ್ಲಿ ವಿಶ್ರಾಂತಿಗೆ ತೆರಳುತ್ತಿರುವ ಈ ಹಿರಿಯರ ಗುಣಗಳನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯು ಮುಖ್ಯೋಪಾಧ್ಯಾಯನಾದ ನನಗೆ ಅಪ್ಪಣೆ ಮಾಡಿದೆ. ಅಪ್ಪಣೆಯೇನೋ ಸರಿ. ಆದರೆ ನಾನು ಬೆಂಬಾ, ಅವರು ಅಂಗೋನಿ! ನಮ್ಮ ಮುತ್ತಜ್ಜಂದಿರು ಈಟಿ ಹಿಡಿದು ಕಾದಾಡಿದರು. ಆ ಜಗಳ ಮುಗಿದ ಮೇಲೆ ನಾವು ನೆಂಟರಾದೆವು, ಈಗ ಬರೀ ಬಾಯಲ್ಲಿ ಕಾದಾಡುತ್ತೇವೆ. ಅವರು ನಮ್ಮನ್ನು ಕೋತಿ ತಿನ್ನುವವರೆನ್ನುತ್ತಾರೆ, ನಾವು ಅವರನ್ನು ಇಲಿ ತಿನ್ನುವವರೆನ್ನುತ್ತೇವೆ, ಯಾರೂ ಸಿಟ್ಟಾಗುವಂತಿಲ್ಲ. ಅಂಗೋನಿಯೊಬ್ಬನನ್ನು ಹೊಗಳಿ ಬರೆದೆನೆಂದು ನಮ್ಮೂರಿನಲ್ಲಿ ಗೊತ್ತಾದರೆ ನನಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ.

ಚಿಪಾಟಾ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಶೋಂಗಾ ಅವರು ಇಪ್ಪತ್ತನೆಯ ವಯಸ್ಸಿನಲ್ಲಿ ಸೈನ್ಯ ಸೇರಿ, ಸಿಪಾಯಿಯಾಗಿ ತೊಡಗಿ, ತಮ್ಮ ಶಿಸ್ತಿನ ಮತ್ತು ದೊಡ್ಡ ಗಂಟಲಿನ ಬಲದಿಂದ ಮೇಲೇರಿದರು. ಅವರ ತುಕಡಿಯಲ್ಲಿ ಕಪೆಂಬ್ವಾ ಎಂಬ ಲಾರಿ ಚಾಲಕನಿದ್ದ. ಅವನು ನನ್ನ ಅಣ್ಣ. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಬ್ಬರನ್ನೊಬ್ಬರು ಹೀಯಾಳಿಸುತ್ತ, ಒಂದೇ ತಟ್ಟೆಯಲ್ಲಿ ಉಣ್ಣುತ್ತ ಆರು ವರ್ಷ ಕಳೆದರೆಂದು ಅಣ್ಣನ ಕಾಗದಗಳಿಂದ ನಮಗೆ ತಿಳಿದಿತ್ತು.

ಆ ಅಣ್ಣ ಪರದೇಶದಲ್ಲಿ, ಶಾಂತಿಪಾಲನೆಯ ಕೆಲಸದಲ್ಲಿದ್ದಾಗ ತೀರಿಕೊಂಡ. ಮುಚ್ಚಿದ ಪೆಟ್ಟಿಗೆ ಬಂತು. ಅದರ ಹಿಂದೆ ಸಮವಸ್ತ್ರದಲ್ಲಿ ಶೋಂಗಾ ಅವರು ಬಂದರು. ಅಂಗೋನಿ ಬಂದನೆಂದು ತಿಳಿದಾಗ ಅಂಗಳದ ತುಂಬ ಕೂತಿದ್ದ ಜನ ದಾರಿ ಬಿಟ್ಟರು. ಸಾವಿನ ಮನೆಯಲ್ಲಿ ಇಂಥ ನೆಂಟನಿಗೆ ಒಂದು ಕೆಲಸವಿದೆ. ಅವನು ಬಾಗಿಲಲ್ಲಿ ಅಡ್ಡ ಬಿದ್ದು, ಹೋದವನನ್ನು ಸೋಮಾರಿ ಎಂದು ಬೈದು, ಅವನ ನಡೆ ನುಡಿಯನ್ನು ಅಣಕಿಸಿ, ಅಳುವವರನ್ನು ಒಂದು ಸಲವಾದರೂ ನಗಿಸಬೇಕು. ಹಾಗೆ ನಗಿಸಿದ ಮೇಲೆಯೇ ಹೋದವನು ಒಳ್ಳೆಯವನಾಗಿ ಹೋದನೆಂದು ನಮಗೆ ಸಮಾಧಾನ. ಶೋಂಗಾ ಅವರು ಸೆಟೆದು ನಿಂತು ಸೆಲ್ಯೂಟ್ ಹೊಡೆದರು. ಕರ್ತವ್ಯದಲ್ಲಿದ್ದಾಗ ಅಪಘಾತ ಎಂದು ಒಂದು ಹಾಳೆ ಓದಿದರು, ಹಿಂದಕ್ಕೆ ತಿರುಗಿದರು, ಹೊರಟೇಹೋದರು.

"ಅಷ್ಟು ಕೆಟ್ಟದಾಗಿ ಸತ್ತನೇನೋ ನನ್ನ ಮಗ?" ಎಂದು ನಮ್ಮಮ್ಮ ನನ್ನ ತೋಳು ಹಿಡಿದುಕೊಂಡು ಕೇಳಿದಳು. "ನೆಂಟನ ಬಾಯಲ್ಲಿ ಒಂದು ಬೈಗುಳಾನೂ ಬರಲಿಲ್ಲವಲ್ಲೋ!"

ಊರಿಗೆ ಅಷ್ಟು ಸಾಕಾಯಿತು. ಕುಡಿದು ಓಡಿಸಿದನಂತೆ ಎಂದರು ಕೆಲವರು, ಹೆದರಿ ಓಡಿಹೋಗುವಾಗ ಸತ್ತನಂತೆ ಎಂದರು ಇನ್ನು ಕೆಲವರು. ನಮ್ಮಲ್ಲಿ ತಾಯಿಯನ್ನು ಚೊಚ್ಚಲ ಮಗುವಿನ ಹೆಸರಿನಿಂದ ಕರೆಯುವುದು ವಾಡಿಕೆ. ಅಮ್ಮ ಮೂವತ್ತನಾಲ್ಕು ವರ್ಷ ಬಾನಾ ಕಪೆಂಬ್ವಾ, ಅಂದರೆ ಕಪೆಂಬ್ವಾನ ತಾಯಿ ಆಗಿದ್ದಳು. ಅಂದಿನಿಂದ ಆ ಹೆಸರು ಹಿಡಿದು ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ನನ್ನ ಹೆಸರಿನಿಂದ ಬಾನಾ ಚಿಸಂಗಾ ಎಂದರೆ ಮಾತ್ರ ಓ ಎನ್ನುತ್ತಿದ್ದಳು. ಸತ್ಯವಾಗಿ ಹೇಳುತ್ತೇನೆ, ಈ ಗ್ರಂಥದ ಸನ್ಮಾನಿತರನ್ನು ನಾನು ಹನ್ನೊಂದು ವರ್ಷ ಮನಸಾರೆ ಶಪಿಸಿದ್ದೇನೆ.

ಹನ್ನೆರಡನೆಯ ವರ್ಷದ ಒಂದು ಮಧ್ಯಾಹ್ನ, ಅಮ್ಮ ಅಂಗಳದಲ್ಲಿ, ನಮ್ಮವರು ಇಷ್ಟಪಟ್ಟು ತಿನ್ನುವ ಕಂಬಳಿಹುಳ ಒಣಹಾಕುತ್ತಿದ್ದಾಗ, ತಗಡಿನ ಟ್ರಂಕು ಹೊತ್ತ ನರೆತಲೆಯ ಮನುಷ್ಯರೊಬ್ಬರು ಬೇಲಿಯ ಆಚೆ ನಿಂತರು.

"ಇಲಿ ತಿನ್ನೋನು ಬಂದಿದ್ದೀನಿ, ಅವ್ವಾ."

ಅಮ್ಮ ತಲೆ ಎತ್ತಲಿಲ್ಲ. "ಆವತ್ತು ಬಾಯಿ ಎಲ್ಲಿ ಬಿಟ್ಟು ಬಂದಿದ್ದೆ?"

"ಆವತ್ತು ಬಂದಿದ್ದು ಸಮವಸ್ತ್ರ, ಅವ್ವಾ. ನೆಂಟ ಬಂದಿರಲಿಲ್ಲ. ಸೇತುವೆ ದಾಟು ಅಂತ ಹೇಳಿದ್ದು ನಾನು. ಇಳಿದು ಒಂದ್ಸಲ ನಡೆದು ನೋಡ್ತೀನಿ ಅಂದ ಅವನು. ಹೊತ್ತಿಲ್ಲ, ಹೊರಡು ಅಂದೆ. ಇನ್ಯಾವ ಬಾಯಲ್ಲಿ ಅವನನ್ನ ಗೇಲಿ ಮಾಡಲಿ ಹೇಳು?"

ಟ್ರಂಕನ್ನು ಇಳಿಸದೆಯೇ ಅವರು ಉಳಿದದ್ದನ್ನೂ ಹೇಳಿದರು. ನದಿಗೆ ನೆರೆ ಬಂದಿತ್ತು, ಹಿಂದಿನಿಂದ ಗುಂಡಿನ ಸದ್ದು ಹತ್ತಿರವಾಗುತ್ತಿತ್ತು. ಊರು ಬಿಟ್ಟ ಹೆಂಗಸರನ್ನೂ ಮಕ್ಕಳನ್ನೂ ಕಪೆಂಬ್ವಾ ಎರಡು ಸಲ ತುಂಬಿಕೊಂಡು ಆಚೆ ದಡ ಸೇರಿಸಿದ. ಮಿಕ್ಕವರಿಗಾಗಿ ಖಾಲಿ ಲಾರಿ ಹಿಂದಕ್ಕೆ ತರುವಾಗ ಸೇತುವೆಯ ತೊಲೆ ಮುರಿದು ಲಾರಿ ನೀರಿಗೆ ಬಿತ್ತು.

ಅಮ್ಮ ಹರಡಿದ ಹುಳುಗಳನ್ನೆಲ್ಲ ಮಗುಚಿ ಹಾಕಿದಳು. ಕೊನೆಗೆ, "ಲಾರಿ ಹೇಗೆ ಓಡಿಸ್ತಿದ್ದ, ತೋರಿಸು" ಎಂದಳು.

ಶೋಂಗಾ ಅವರು ಟ್ರಂಕು ಇಳಿಸಿದರು. ಒರಳನ್ನು ಮಗುಚಿ ಅದರ ಮೇಲೆ ಕೂತರು, ಮೊರವನ್ನು ಸ್ಟೇರಿಂಗ್ ಮಾಡಿಕೊಂಡರು, ಕತ್ತನ್ನು ಥೇಟ್ ನಮ್ಮಣ್ಣನಂತೆ ಎಡಕ್ಕೆ ವಾಲಿಸಿದರು. "ಏಳೇ ಮಾರಾಯ್ತಿ, ನಿನಗೇನು ಕಡಿಮೆ ಮಾಡಿದ್ದೀನಿ?" ಎಂದು ಗೇರನ್ನು ರಮಿಸಿದರು, ಗೇರು ಬೀಳದಿದ್ದಾಗ ತಾವೇ ಲಾರಿಯಾಗಿ ಕೆಮ್ಮಿದರು. "ಏ ಕೋತಿ ತಿನ್ನೋನೆ!" ಎಂದು ಖಾಲಿ ಗಾಳಿಗೆ ಕೂಗಿದರು. "ತೋಟಾ ಡಬ್ಬಿಯಲ್ಲಿ ಅಮ್ಮನ ಹುಳ ಬಚ್ಚಿಟ್ಟೆಯಲ್ಲೋ ಕಳ್ಳ! ಇನ್‌ಸ್ಪೆಕ್ಷನ್ ದಿನ ಕರ್ನಲ್ ಸಾಹೇಬರು ಮುಚ್ಚಳ ತೆಗೆದು ಏನಂದ್ರು ಗೊತ್ತಾ ಅವ್ವಾ? 'ಈ ಗುಂಡುಗಳಿಗೆ ಕಾಲು ಯಾಕಿವೆ?' ಅಂದ್ರು!"

ಅಮ್ಮ ನಕ್ಕಳು. ಹೊದ್ದ ಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಮುಚ್ಚಲಾರದೆ ನಕ್ಕಳು, ಆಮೇಲೆ ನೆಲಕ್ಕೆ ಕೂತು ಅತ್ತಳು. ಅಕ್ಕಪಕ್ಕದವರು ಓಡಿಬಂದರು. ನಾನು, ನಲವತ್ತಮೂರು ವರ್ಷದ ಗಂಡಸು, ಬೇಲಿಯ ಗೂಟ ಹಿಡಿದುಕೊಂಡು ಅವಳಿಗಿಂತ ಜೋರಾಗಿ ಅತ್ತೆ. ಅಂದು ಸಂಜೆ ನೀರಿಗೆ ಹೋಗುವ ಹೆಂಗಸೊಬ್ಬಳು ಬೇಲಿಯಾಚೆಯಿಂದ, "ಬಾನಾ ಕಪೆಂಬ್ವಾ, ಬರ್ತೀಯೇನೆ?" ಎಂದು ಕೂಗಿದಳು. "ತಡಿ, ಬಂದೆ" ಎಂದಳು ಅಮ್ಮ.

ಅಂದು ಇಳಿಸಿದ ಟ್ರಂಕು ನಮ್ಮ ಊರಲ್ಲೇ ಉಳಿಯಿತು. ಶಾಲೆಯಲ್ಲಿ ಶೋಂಗಾ ಅವರು ಸಲ್ಲಿಸಿದ ಸೇವೆಯನ್ನು ಇತರ ಲೇಖಕರು ವಿವರವಾಗಿ ನಿರೂಪಿಸಿರುವುದರಿಂದ ನಾನು ಒಂದನ್ನಷ್ಟೇ ಸ್ಮರಿಸುತ್ತೇನೆ. ಶಾಲೆಯ ಹಳೆಯ ಲಾರಿಯಲ್ಲಿ ಅವರು ಮೇಲಿನ ತರಗತಿಯ ಹುಡುಗಿಯರಿಗೆ ಚಾಲನೆ ಕಲಿಸಿದರು. ಅವರ ನಿಯಮ ಒಂದೇ: ಸೇತುವೆ ಬಂದರೆ ಇಳಿ, ಕಾಲಲ್ಲಿ ನಡೆದು ನೋಡು, ಆಮೇಲೆ ಗಾಡಿ. ನಾಲ್ಕು ಹೆಜ್ಜೆಯ ಮೋರಿಯಾದರೂ ಸರಿಯೇ. ಹುಡುಗಿಯರು ಬೆನ್ನ ಹಿಂದೆ ನಕ್ಕರು, ನಾನೂ ಸಭೆಯಲ್ಲಿ ಹಾಸ್ಯ ಮಾಡಿದೆ. ಕಳೆದ ಫೆಬ್ರವರಿಯ ಮಳೆಯಲ್ಲಿ, ಅವರ ಶಿಷ್ಯೆ ಮುಸೊಂಡಾ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಆಂಬುಲೆನ್ಸಿನಲ್ಲಿ ಕರೆದೊಯ್ಯುವಾಗ ಸೇತುವೆಯೊಂದರ ಮುಂದೆ ನಿಲ್ಲಿಸಿ ಇಳಿದಳು. "ಹೊತ್ತಿಲ್ಲ, ಹೊರಡೇ!" ಎಂದು ಒಳಗಿದ್ದವರೆಲ್ಲ ಕಿರುಚಿದರು. ಅವಳು ನಡೆದು ನೋಡಿದಳು. ನೀರಿನಡಿ ನಡುವಿನ ಮೂರು ಹಲಗೆಗಳೇ ಇರಲಿಲ್ಲ. ಸುತ್ತುದಾರಿಯಲ್ಲಿ ಹೋಗಿ ಆಸ್ಪತ್ರೆ ಮುಟ್ಟಿಸಿದಳು, ಗಂಡು ಮಗು ಹುಟ್ಟಿತು. ಪಾಪ, ಬೆಂಬಾ ಮಗುವಿಗೆ ಶೋಂಗಾ ಎಂದು ಹೆಸರಿಟ್ಟಿದ್ದಾರೆ; ಜೀವನವಿಡೀ ಆ ಮಗು ಅದನ್ನು ಹೊರಬೇಕು. ಸುದ್ದಿ ತಿಳಿದ ದಿನ ನಮ್ಮ ಸಾರ್ಜೆಂಟ್ ಮೇಜರರು ಕವಾಯತು ಅರ್ಧಕ್ಕೆ ನಿಲ್ಲಿಸಿ, ಮೈದಾನದ ಅಂಚಿನ ಮಾವಿನ ಮರದ ಕಡೆ ಮುಖ ಮಾಡಿ ನಿಂತರು. ಹುಡುಗಿಯರು ಅಪ್ಪಣೆಯಿಲ್ಲದೆಯೇ ಸೆಲ್ಯೂಟ್ ಹೊಡೆದರು.

ಅವರಿಗೆ ದೀರ್ಘಾಯುಷ್ಯ ಕೋರಿ ಈ ಲೇಖನವನ್ನು ಮುಗಿಸುವುದು ನನ್ನ ಕರ್ತವ್ಯ. ಆದರೆ ಆ ಕೆಲಸವನ್ನು ನನಗಿಂತ ಹಿರಿಯರು ವಹಿಸಿಕೊಂಡಿದ್ದಾರೆ. ಎಂಬತ್ತೆರಡು ವರ್ಷದ ನಮ್ಮಮ್ಮ, ಇದನ್ನು ಓದಿಸಿ ಕೇಳಿದ ಮೇಲೆ, ಕೆಳಗಿನದನ್ನು ಒಂದಕ್ಷರ ಬದಲಿಸದೆ ಅಚ್ಚು ಹಾಕಿಸಬೇಕೆಂದು ಕಟ್ಟಪ್ಪಣೆ ಮಾಡಿದ್ದಾಳೆ:

"ಲೋ ಇಲಿ ತಿನ್ನೋನೆ, ರಿಟೈರ್ ಆದೆ ಅಂತ ಸಾಯೋ ಯೋಚನೆ ಮಾಡಬೇಡ. ನನ್ನ ಸಾವಿಗೆ ನೀನೇ ಬರಬೇಕು. ಟೋಪಿ ಮನೇಲಿ ಬಿಟ್ಟು, ಬಾಯಿ ತಗೊಂಡು ಬಾ. ನನಗಿನ್ನೂ ಹೋಗೋ ಆತುರ ಇಲ್ಲ, ಅಲ್ಲೀವರೆಗೂ ಗಟ್ಟಿಯಾಗಿರು. ಇಂತಿ, ಬಾನಾ ಕಪೆಂಬ್ವಾ."