ಹಳ್ಳಿ ರೋಗಿಗಳ ಸರದಿ ಕಾಯುವ ಮಚ್ಚೇಂದ್ರ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಬಾಕಿ. ಮನ್ನಾಏಖೇಳ್ಳಿ ಕಡೆಯ ಮೊದಲ ಬಸ್ಸು ಹುಮನಾಬಾದ್ ನಿಲ್ದಾಣದೊಳಗೆ ಬಂದು ನಿಲ್ಲುತ್ತದೆ. ಇಳಿಯುವವರಲ್ಲಿ ಯಾರು ಕಚೇರಿಗೆ ಬಂದವರು, ಯಾರು ಬೀಗರ ಮನೆಗೆ, ಯಾರು ದವಾಖಾನೆಗೆ ಎಂಬುದು ಅವರ ಕಾಲು ನೆಲಕ್ಕೆ ತಾಕುವ ಮೊದಲೇ ಮಚ್ಚೇಂದ್ರ ಅವರಿಗೆ ತಿಳಿಯುತ್ತದೆ. ತಲೆಗೆ ಟವೆಲ್ ಸುತ್ತಿಕೊಂಡ ಮುದುಕನೊಬ್ಬ ಮಗನ ಭುಜ ಹಿಡಿದು ಇಳಿಯುತ್ತಾನೆ. ಆಟೋದವರು ಮುತ್ತಿಕೊಳ್ಳುವಷ್ಟರಲ್ಲಿ ಮಚ್ಚೇಂದ್ರ ಅವನೆದುರು ನಿಂತಿರುತ್ತಾರೆ.

“ಏನ್ ಬ್ಯಾನಿ ಕಾಕಾ?”

“ಮೂರ್ ದಿನಾತು, ಜ್ವರ ಬಿಡವಲ್ದು.”

“ಆಟೋ ಹತ್ತಬ್ಯಾಡ್ರಿ. ಹಳೇ ಪೇಟಿ ಡಾಕ್ಟರ್ ಇವತ್ತ ಎಂಟಕ್ಕ ಕುಂದರ್ತಾರ. ನಡ್ಕೋತ ಹೋದ್ರೂ ನೀವೇ ಮೊದಲಿನವ್ರು. ಹತ್ತೂವರಿ ಬಸ್ಸಿಗೆ ತಿರುಗಿ ಊರಿಗೆ ಹೋಗಬಹುದು.”

ಇಷ್ಟೇ ಅವರ ಕೆಲಸ. ಇದಕ್ಕೆ ಸಂಬಳವಿಲ್ಲ, ಹೆಸರಿಲ್ಲ. ಎಂಟು ಗಂಟೆಗೆ ಅವರು ಬೇಳೆ ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ಆಗಿ ನಿಲ್ಲಬೇಕು. ಅದಕ್ಕೆ ಮೊದಲಿನ ಎರಡು ಗಂಟೆಯಲ್ಲಿ ಐದು ಬಸ್ಸು ಬರುತ್ತವೆ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ರೋಗಿಗಳು. ಯಾವ ಡಾಕ್ಟರ್ ಇವತ್ತು ಇದ್ದಾರೆ, ಯಾರು ಮದುವೆಗೆ ಹೋಗಿದ್ದಾರೆ, ಯಾರು ಹನ್ನೊಂದರ ನಂತರ ಬಾಗಿಲು ಹಾಕುತ್ತಾರೆ ಎಂಬುದನ್ನು ಹಿಂದಿನ ಸಂಜೆಯೇ ದವಾಖಾನೆಗಳ ಮುಂದೆ ತಿರುಗಾಡಿ, ಕಂಪೌಂಡರುಗಳನ್ನು ಕೇಳಿ ತಿಳಿದುಕೊಂಡಿರುತ್ತಾರೆ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಲ್ಲ.

ಮಚ್ಚೇಂದ್ರ ಅವರಿಗೆ ಈಗ ನಲವತ್ತು. ಹುಟ್ಟಿದ್ದು ಬಸವಕಲ್ಯಾಣದಲ್ಲಿ, ಓದಿದ್ದು ಏಳನೆಯ ತರಗತಿಯವರೆಗೆ. ೧೯೯೧ರಲ್ಲಿ ಅಲ್ಲಿನ ವೀರಭದ್ರ ಡಾಕ್ಟರ ದವಾಖಾನೆಯಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದರು. ಆ ಡಾಕ್ಟರು ಒಬ್ಬರೇ. ಜ್ವರ, ಕೆಮ್ಮು, ಕೂಸಿನ ಭೇದಿ, ಮುದುಕಿಯ ಮೊಣಕಾಲು, ಎಲ್ಲವನ್ನೂ ಅವರೇ ನೋಡುತ್ತಿದ್ದರು. ಅಜ್ಜನಿಂದ ಮೊಮ್ಮಗನವರೆಗೆ ಮನೆಮಂದಿಯ ಬೇಮಾರಿಯೆಲ್ಲ ಅವರ ನೆನಪಿನಲ್ಲಿತ್ತು. ದಿನಕ್ಕೆ ತೊಂಬತ್ತು ನೂರು ಮಂದಿ, ಅದರಲ್ಲಿ ಅರವತ್ತು ಮಂದಿ ಹಳ್ಳಿಯವರು. ಮಚ್ಚೇಂದ್ರ ಬೆಳಿಗ್ಗೆ ನಂಬರಿನ ಚೀಟಿ ಕೊಡಬೇಕು, ಕೂಗಿ ಒಳಗೆ ಬಿಡಬೇಕು.

“ಕೆಲಸ ಸಣ್ಣದು ಅಂತ ತಿಳ್ಕೊಂಡಿದ್ದೆ,” ಎನ್ನುತ್ತಾರೆ ಅವರು. “ಬಾಗಲಾ ಕಾಯೂದು ಅಂದ್ರ ಜೀವಾ ಕಾಯೂದು ಅಂತ ಗೊತ್ತಿರ್ಲಿಲ್ರಿ.”

ಗೊತ್ತಾಗಿದ್ದು ೧೯೯೪ರ ಶ್ರಾವಣದಲ್ಲಿ. ಕೊಹಿನೂರಿನ ಕಸ್ತೂರಿಬಾಯಿ ಎರಡು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು ಮೊದಲ ಬಸ್ಸಿಗೆ ಬಂದಿದ್ದಳು. ಕೂಸಿಗೆ ಹಿಂದಿನ ದಿನದಿಂದ ವಾಂತಿ, ಭೇದಿ. ಮಚ್ಚೇಂದ್ರ ಏಳನೇ ನಂಬರಿನ ಚೀಟಿ ಕೊಟ್ಟರು. ನಾಲ್ಕು ಮಂದಿ ಒಳಗೆ ಹೋಗಿ ಬಂದಿದ್ದರು. ಅಷ್ಟರಲ್ಲಿ ಊರಿನ ದೊಡ್ಡ ಮನೆಯ ಜೀಪು ಬಂತು. ಆ ಮನೆಯ ಐದಾರು ಜನ ಮದುವೆಗೆಂದು ಪರವೂರಿಗೆ ಹೊರಟವರು, ಹೋಗುವ ಮುಂಚೆ ಒಮ್ಮೆ ತೋರಿಸಿಕೊಳ್ಳಬೇಕಿತ್ತು. ಒಬ್ಬರಿಗೆ ಬಿ.ಪಿ., ಒಬ್ಬರಿಗೆ ತಲೆನೋವು. ಮಚ್ಚೇಂದ್ರ ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಅವರ ಹಿಂದೆಯೇ ಇನ್ನೊಂದು ದೊಡ್ಡ ಮನೆ, ಆಮೇಲೆ ಕಚೇರಿಯ ಸಾಹೇಬರೊಬ್ಬರು. ಒಳಗಿದ್ದ ಡಾಕ್ಟರಿಗೆ ಹೊರಗಿನ ಸರದಿ ಕಾಣುತ್ತಿರಲಿಲ್ಲ.

ಹನ್ನೊಂದೂವರೆಗೆ ಕೊಹಿನೂರಿನ ಬಸ್ಸು. ಅದು ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ. ಮನೆಯಲ್ಲಿ ಕಸ್ತೂರಿಬಾಯಿಯ ಹಾಲು ಕುಡಿಯುವ ಇನ್ನೊಂದು ಕೂಸಿತ್ತು. ಹೆಗಲ ಮೇಲಿನದು ಅಳು ನಿಲ್ಲಿಸಿ ಮಲಗಿತ್ತು. ಆರಾಮಾಗಿರಬೇಕು ಅಂದುಕೊಂಡು ಅವಳು ಎದ್ದಳು. “ನಾಳೆ ಬರ್ತೀನಿ ಅಣ್ಣ” ಎಂದು ಹೇಳಿಯೇ ಹೋದಳು. ಮಚ್ಚೇಂದ್ರ ಸರಿ ಎಂದು ತಲೆಯಾಡಿಸಿದರು.

ಮಗು ಮರುದಿನ ಬೆಳಗಾಗುವಷ್ಟರಲ್ಲಿ ತೀರಿಕೊಂಡಿತು. ಸುದ್ದಿ ತಂದದ್ದು ಅದೇ ಬಸ್ಸಿನ ಕಂಡಕ್ಟರ್, ಮೂರು ದಿನದ ಮೇಲೆ. ಮಚ್ಚೇಂದ್ರ ಬಾಡಿಗೆ ಸೈಕಲ್ ತುಳಿದು ಕೊಹಿನೂರಿಗೆ ಹೋದರು. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದರು. ಕಸ್ತೂರಿಬಾಯಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವರು ಕುಡಿದು ತಂಬಿಗೆ ಕೆಳಗಿಟ್ಟ ಮೇಲೆ ಕೇಳಿದಳು: “ನನ್ನ ನಂಬರ ಏಳ ಇತ್ತಲ್ಲ ಅಣ್ಣ?”

ಇದನ್ನು ಹೇಳುವಾಗ ಮಚ್ಚೇಂದ್ರ ರಸ್ತೆಯ ಕಡೆ ನೋಡುತ್ತಾರೆ. ಆಗಿ ಹನ್ನೆರಡು ವರ್ಷವಾಯಿತು. ಕಸ್ತೂರಿಬಾಯಿ ಮತ್ತೆಂದೂ ಆ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ.

ಆ ದಿನ ಊರಿಗೆ ಮರಳಿ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿ, ಕೆಲಸ ಬಿಡುತ್ತೇನೆ ಎಂದರು. ವೀರಭದ್ರ ಡಾಕ್ಟರು, “ನಿನ್ನ ತಪ್ಪಿಲ್ಲ ಅಂತ ನಾ ಅನ್ನಂಗಿಲ್ಲ. ನಂದೂ ಅದ. ಬಾಗಲಾ ನಿನ್ನ ಕೈಯಾಗ ಕೊಟ್ಟು ನಾ ಒಳಗ ಕಣ್ಣು ಮುಚ್ಕೊಂಡು ಕುಂತಿದ್ದೆ. ಕೆಲಸಾ ಬಿಟ್ರ ಏನ್ ಬಂತು? ನೆಟ್ಟಗ ಮಾಡು,” ಎಂದರು.

ಅಂದಿನಿಂದ ಮೊದಲ ಬಸ್ಸಿಗೆ ಬಂದ ಹಳ್ಳಿಯವರು ಮೊದಲು, ಊರವರು ಹತ್ತೂವರೆಯ ನಂತರ. ಮನೆ ಎಷ್ಟೇ ದೊಡ್ಡದಿರಲಿ, ಸರದಿ ಒಂದೇ. ಯಾವ ರೋಗಿಗೆ ಸರದಿಯೇ ಬೇಡ ಎಂಬುದನ್ನೂ ಡಾಕ್ಟರು ಕಲಿಸಿದರು: ಕಣ್ಣೀರಿಲ್ಲದೆ ಅಳುವ ಕೂಸು, ಕಣ್ಣು ಒಳಸೇರಿದ ಕೂಸು, ಉಸಿರು ಕಟ್ಟಿದವರು, ರಕ್ತ ಹೋಗುತ್ತಿರುವ ಬಸುರಿ. ಇವರನ್ನು ನೇರವಾಗಿ ಒಳಗೆ ಕಳಿಸಬೇಕು. ಮಚ್ಚೇಂದ್ರ ಚೀಟಿ ಕೊಡುವ ಮೊದಲು ಪ್ರತಿಯೊಬ್ಬರ ಮುಖ ನೋಡತೊಡಗಿದರು.

೧೯೯೬ರಲ್ಲಿ ಕೊಹಿನೂರಿಗೆ ಎಸ್.ಟಿ.ಡಿ. ಬೂತ್ ಬಂತು. ಇಟ್ಟವನು ಅಲ್ಲಾಬಕ್ಷ. ಅವನೊಂದಿಗೆ ಮಚ್ಚೇಂದ್ರ ಒಂದು ಒಪ್ಪಂದ ಮಾಡಿಕೊಂಡರು. ಸಂಜೆ ಆರಕ್ಕೆ ಅಲ್ಲಾಬಕ್ಷ ದವಾಖಾನೆಗೆ ಫೋನ್ ಮಾಡಿ ನಾಳೆ ಯಾರು ಬರುತ್ತಾರೆ, ಏನು ಬ್ಯಾನಿ ಎಂದು ಹೇಳಬೇಕು. ಮಚ್ಚೇಂದ್ರ ಆಗಲೇ ನಂಬರ್ ಕೊಡಬೇಕು. ಡಾಕ್ಟರ್ ಇಲ್ಲದ ದಿನವಿದ್ದರೆ ಅದನ್ನೂ ಹೇಳಿಬಿಡಬೇಕು. ಸುಮ್ಮನೆ ಬಸ್ಸು ಹತ್ತಿ ಬಂದು, ಬೀಗ ನೋಡಿ ಹಿಂದಿರುಗುವುದು ತಪ್ಪಿತು. ಮುಂದೆ ಗೋರ್ಟಾದಿಂದಲೂ ಫೋನ್ ಬರತೊಡಗಿತು. ಕೂಲಿಯವರು ನಡುಹಗಲಿಗೆ ಮನೆ ಸೇರಿ ಅರ್ಧ ದಿನದ ಕೆಲಸ ಉಳಿಸಿಕೊಂಡರು.

ಊರಿನ ದೊಡ್ಡವರಿಗೆ ಇದು ಸೇರಲಿಲ್ಲ. ೧೯೯೯ರಲ್ಲಿ ಒಬ್ಬರು ಎಲ್ಲರೆದುರೇ ಮಚ್ಚೇಂದ್ರ ಅವರ ಕೆನ್ನೆಗೆ ಹೊಡೆದರು. ತುಟಿ ಒಡೆಯಿತು. ಡಾಕ್ಟರು ಒಳಗೆ ಕರೆದು ತಾವೇ ಔಷಧಿ ಹಚ್ಚಿದರು, ಆದರೆ ಹೊಡೆದವರಿಗೆ ಒಂದು ಮಾತೂ ಅನ್ನಲಿಲ್ಲ. ದವಾಖಾನೆ ಬಾಡಿಗೆಗಿದ್ದ ಕಟ್ಟಡ ಆ ಹೊಡೆದವರದೇ ಆಗಿತ್ತು.

“ಡಾಕ್ಟರ್ ದೇವರಂಥವ್ರು ಅಂತ ಮಂದಿ ಅಂತಾರ,” ಎನ್ನುತ್ತಾರೆ ಮಚ್ಚೇಂದ್ರ. “ಮನಷ್ಯಾರೇ ಇದ್ರು. ಹೆದರ್ತಿದ್ರು. ಆದ್ರೂ ಮರುದಿನಾ ಸರದಿ ಮುರೀಲಿಲ್ಲ. ಅಷ್ಟ ಸಾಕಿತ್ತು ನಂಗ.”

೨೦೦೨ರಲ್ಲಿ ಡಾಕ್ಟರಿಗೆ ಲಕ್ವ ಹೊಡೆಯಿತು. ಬಸವಕಲ್ಯಾಣದ ದವಾಖಾನೆ ಮುಚ್ಚಿತು. ಹುಮನಾಬಾದಿನ ಹೆದ್ದಾರಿಯಲ್ಲಿ ನರ್ಸಿಂಗ್ ಹೋಮ್ ಕಟ್ಟಿದ್ದ ಅವರ ಅಳಿಯ, “ನೀ ನಮ್ಮಲ್ಲೇ ಬಾ” ಎಂದು ಮಚ್ಚೇಂದ್ರ ಅವರನ್ನು ಕರೆದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವರು ಹುಮನಾಬಾದಿಗೆ ಬಂದರು. ಯಾಕೆ ಕರೆದರೆಂಬುದು ನಿಧಾನವಾಗಿ ತಿಳಿಯಿತು. ಹಳ್ಳಿಯವರಿಗೆ ಅವರ ಮುಖ ಪರಿಚಯ. ಮಚ್ಚೇಂದ್ರಣ್ಣ ಇದ್ದಾನೆ ಅಂದರೆ ಅಲ್ಲಿ ಸರಿ ಇರುತ್ತದೆ ಎಂದು ನಂಬಿ ಬರುತ್ತಿದ್ದರು. ಒಳಗೆ ಎರಡು ಬಾಗಿಲು: ಹೆಚ್ಚು ಫೀ ಕೊಟ್ಟವರಿಗೆ ಮುಂದಿನದು, ಉಳಿದವರಿಗೆ ಹಿಂದಿನದು. ನೆಗಡಿ ಎಂದು ಬಂದವರಿಗೂ ಎದೆಯ ಎಕ್ಸ್‌ರೇ. ಮನೆಮಂದಿಯನ್ನೆಲ್ಲ ಬಲ್ಲ ಡಾಕ್ಟರ್ ಯಾರೂ ಅಲ್ಲಿರಲಿಲ್ಲ.

೨೦೦೪ರ ಬೇಸಿಗೆಯ ಒಂದು ದಿನ, ಮನ್ನಾಏಖೇಳ್ಳಿಯ ಜೈನಬಿ ಎಂಬ ಮುದುಕಿ ಬಿ.ಪಿ. ಗುಳಿಗೆಯ ಚೀಟಿಗಾಗಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಹಿಂದಿನ ಬಾಗಿಲಲ್ಲಿ ಕುಳಿತಿದ್ದಳು. “ಬೇಟಾ, ನನ್ನ ಪಾಳಿ ಯಾವಾಗ?” ಎಂದು ನಾಲ್ಕನೇ ಸಲ ಕೇಳಿದಾಗ ಮಚ್ಚೇಂದ್ರ ಅವಳ ಕೈ ಹಿಡಿದು ಮುಂದಿನ ಬಾಗಿಲಿನಿಂದ ನೇರ ಒಳಗೆ ಕರೆದೊಯ್ದರು. ಹತ್ತು ವರ್ಷದಲ್ಲಿ ಸರದಿ ಮುರಿದದ್ದು ಅದೊಂದೇ ಸಲ. ಮರುದಿನ ಕೆಲಸ ಹೋಯಿತು. ರೋಗಿಗಳನ್ನು ಬೇರೆ ಕಡೆ ಕಳಿಸಿ ಕಮಿಷನ್ ತಿನ್ನುತ್ತಾನೆ ಎಂಬ ಮಾತೂ ಹಿಂದೆಯೇ ಹಬ್ಬಿತು. ಹಳೆಯ ಡಾಕ್ಟರಿಗೆ ಹೇಳೋಣವೆಂದು ಹೋದರೆ ಅವರಿಗೆ ಮಾತೇ ನಿಂತಿತ್ತು. ಮಚ್ಚೇಂದ್ರ ಅವರ ಕೈ ಹಿಡಿದುಕೊಂಡು ಅತ್ತರು. ಮುಂದಿನ ವರ್ಷ ತೀರಿಹೋದರು.

ಕೆಲಸ ಹೋದ ಮೇಲೆ ಮಚ್ಚೇಂದ್ರ ಬೇಳೆ ಮಿಲ್ಲಿಗೆ ಸೇರಿ, ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಲ್ಲತೊಡಗಿದರು. ಕಮಿಷನ್ನಿನ ಮಾತು ಇನ್ನೂ ಬೆನ್ನು ಬಿಟ್ಟಿಲ್ಲ. ನರ್ಸಿಂಗ್ ಹೋಮಿಗೆ ರೋಗಿಗಳನ್ನು ತಂದುಬಿಟ್ಟರೆ ತಮಗೆ ಸಿಗುವ ದುಡ್ಡು ಇವರಿಂದ ತಪ್ಪುತ್ತದೆಂದು ಕೆಲವು ಆಟೋದವರು ನಿಲ್ದಾಣದಲ್ಲಿ ಅವರನ್ನು ತಳ್ಳುತ್ತಾರೆ, ಅಂಗಿ ಹಿಡಿಯುತ್ತಾರೆ. ಜ್ವರಕ್ಕೆ ಸರಳವಾಗಿ ಮದ್ದು ಕೊಡುವ ಡಾಕ್ಟರು ಈಗ ಅವರ ಲೆಕ್ಕದಲ್ಲಿ ಇಬ್ಬರೇ, ಇಬ್ಬರೂ ಮುದುಕರು. ಆ ಇಬ್ಬರ ಮಕ್ಕಳಾರೂ ಆ ಕುರ್ಚಿಯಲ್ಲಿ ಕೂರುವವರಲ್ಲ.

“ಊರ ಮಂದಿಗೆಲ್ಲಾ ಡಾಕ್ಟರ್ ತೋರಿಸ್ತಾರ್ರಿ,” ಎನ್ನುತ್ತಾರೆ ಅವರ ಹೆಂಡತಿ, ಗಂಡನ ಎಡಗಾಲಿನ ಬಟ್ಟೆಪಟ್ಟಿಯತ್ತ ಕೈ ಮಾಡಿ. “ಸಕ್ಕರಿ ಬೇಮಾರಿ ಅದ, ಗಾಯ ಎರಡ್ ತಿಂಗಳಾತು ಮಾಯವಲ್ದು. ತಮ್ಮ ಕಾಲ್ ತೋರ್ಸಾಕ ಪುರಸೊತ್ತಿಲ್ಲ.” ಮಚ್ಚೇಂದ್ರ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ದವಾಖಾನೆಗಳು ತೆರೆಯುವ ಹೊತ್ತಿಗೆ ಅವರು ಮಿಲ್ಲಿನ ಗೇಟಿನಲ್ಲಿರಬೇಕು. ಬಿಡುವ ಹೊತ್ತಿಗೆ ಡಾಕ್ಟರು ಎದ್ದು ಹೋಗಿರುತ್ತಾರೆ.

ಏಳೂವರೆಯ ಬಸ್ಸು ಬಂದು ಹೋಗಿದೆ. ಇಂದಿನ ಕೊನೆಯ ರೋಗಿಗೆ ದಾರಿ ತೋರಿಸಿ ಅವರು ಮಿಲ್ಲಿನ ಕಡೆ ಕುಂಟುತ್ತ ಹೊರಡುತ್ತಾರೆ. ಏನು ಬೇಕು ನಿಮಗೆ ಎಂದು ಕೇಳಿದರೆ ನಡೆಯುತ್ತಲೇ ಹೇಳುತ್ತಾರೆ.

“ನಂಗೇನ್ ಬ್ಯಾಡ್ರಿ. ದವಾಖಾನಿ ಬಾಗಲಕ್ಕ ಡಾಕ್ಟರ್ ಹೆಸರು ದೊಡ್ಡದಾಗಿ ಬರೀತಾರ, ಓದಿದ್ದು ಬರೀತಾರ. ಎಷ್ಟಕ್ಕ ಬರ್ತಾರ, ಎಷ್ಟಕ್ಕ ಏಳ್ತಾರ, ಅದೊಂದು ಖರೇ ಬರೀಲಿ. ಮಂದಿ ಬಸ್ ನೋಡ್ಕೊಂಡು ತಾವೇ ಬರ್ತಾರ. ನಾ ಯಾಕ ಬೇಕು ಆಮ್ಯಾಲ?”