ಗಟ್ಟಿ ಟೈರು, ಗಾಳಿ ಟೈರು

ಪುಟ್ಟೀ, ಚಿನ್ನೂ,

ನಿಮ್ಮ ಮುತ್ತಜ್ಜಿಯ, ಅಂದರೆ ನನ್ನ ಅತ್ತೆಯ, ಗಾಲಿಕುರ್ಚಿಯ ಟೈರಿನ ವಿಷಯ ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನಗೆ ಮೊದಲಿನಿಂದಲೂ ಬಾಯಿ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಎಂಬತ್ತರ ದಶಕದಲ್ಲಿ ನಾವು ವಿಜಯನಗರದಲ್ಲಿದ್ದಾಗ ಆ ಟೈರನ್ನು ಬದಲಾಯಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ನಡೆಯಿತು. ತೀರ್ಮಾನ ಮಾಡಿದ್ದು ಅತ್ತೆ ಎಂದು ಎಲ್ಲರೂ ತಿಳಿದರು. ಮಾಡಿದವಳು ನಾನು.

ಅತ್ತೆಗೆ ಮಡಿ ಎಂದರೆ ಉಸಿರು. ಬೆಳಿಗ್ಗೆ ಸ್ನಾನ ಮಾಡಿ, ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ತೆಗೆದು ಉಟ್ಟರೆಂದರೆ ಅವರನ್ನು ಯಾರೂ ಮುಟ್ಟುವಂತಿಲ್ಲ. ನಿಮ್ಮಪ್ಪ ಆಗ ಮೂರು ವರ್ಷದವನು, ಓಡಿಹೋಗಿ ಅಜ್ಜಿಯ ಕಾಲು ತಬ್ಬಿಕೊಂಡುಬಿಡುತ್ತಿದ್ದ. ಅವರು ಮತ್ತೆ ಬಚ್ಚಲಿಗೆ ಹೋಗಿ ತಣ್ಣೀರು ಹೊಯ್ದುಕೊಳ್ಳುತ್ತ ಅಲ್ಲಿಂದಲೇ ನನ್ನನ್ನು ಬೈಯುತ್ತಿದ್ದರು.

"ಹಳ್ಳಿ ಸ್ಕೂಲಲ್ಲಿ ಏನ್ ಕಲಿಸಿದ್ರೇ ನಿಂಗೆ? ದನ ಕಟ್ಟೋದಾದ್ರೂ ಕಲಿಸಿದ್ರಾ? ಒಂದು ಮಗೂನ ಹಿಡ್ಕೊಳಕ್ಕೆ ಬರಲ್ವಲ್ಲ!"

ವಠಾರದವರೆಲ್ಲ ನಗುತ್ತಿದ್ದರು. ನಾನು ಮುಖ ತಗ್ಗಿಸಿ ಪಾತ್ರೆ ತೊಳೆಯುತ್ತಿದ್ದೆ.

ಒಮ್ಮೆ ನನ್ನ ಅಮ್ಮ ಊರಿನಿಂದ ತಂಬಿಟ್ಟು ಕಟ್ಟಿಕೊಂಡು ಬಂದಳು. ಬಟ್ಟೆಯ ಗಂಟನ್ನು ಬಿಚ್ಚುವ ಮೊದಲೇ ಅತ್ತೆ ಕೇಳಿದರು, "ಬಸ್ಸಲ್ಲಿ ಬಂತಾ ಇದು? ಯಾರ್ಯಾರ ಮೈ ತಗುಲಿದೆಯೋ." ಅಮ್ಮನ ಕಣ್ಣೆದುರಿಗೇ, ನನ್ನ ಕೈಯಿಂದಲೇ, ಅಷ್ಟನ್ನೂ ಬೀದಿಯ ಹಸುವಿಗೆ ಹಾಕಿಸಿದರು. ಅಮ್ಮ ಖಾಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಸು ತಿಂದ್ರೂ ಪುಣ್ಯಾನೇ ಬಿಡಮ್ಮ" ಎಂದಳು. ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ನಾನು ಮಾಡಿದ್ದಕ್ಕೆ ಇದು ಕಾರಣ ಎಂದು ಹೇಳುತ್ತಿಲ್ಲ. ಸೊಸೆಯಂದಿರು ಇದಕ್ಕಿಂತ ಹೆಚ್ಚು ಸಹಿಸಿ ಸುಮ್ಮನಿದ್ದಾರೆ.

ಆಮೇಲೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮತ್ತೆ ನಡೆಯಲಾಗಲಿಲ್ಲ. ನಿಮ್ಮ ತಾತನ ಕಾರ್ಖಾನೆಯ ಸ್ನೇಹಿತರು ಕಬ್ಬಿಣದ ಪೈಪು ಬಗ್ಗಿಸಿ, ವೆಲ್ಡಿಂಗ್ ಮಾಡಿ, ಒಂದು ಗಾಲಿಕುರ್ಚಿ ಮಾಡಿಕೊಟ್ಟರು. ಅದಕ್ಕೆ ಹಾಕಿದ್ದು ಗಟ್ಟಿ ರಬ್ಬರಿನ ಟೈರು. ಒಳಗೆ ಟ್ಯೂಬೂ ಇಲ್ಲ, ಗಾಳಿಯೂ ಇಲ್ಲ. "ಮೊಳೆ ಮೇಲೆ ಹೋದ್ರೂ ನಿಲ್ಲಲ್ಲ ನೋಡು" ಎಂದು ತಾತ ಹೆಮ್ಮೆಪಡುತ್ತಿದ್ದರು.

ಸಂಜೆ ಐದಕ್ಕೆ ನಾನು ಅತ್ತೆಯನ್ನು ದೇವಸ್ಥಾನಕ್ಕೆ ತಳ್ಳಿಕೊಂಡು ಹೋಗಬೇಕು. ಅದಕ್ಕೆ ಮುಂಚೆ ನಾನೂ ತಣ್ಣೀರಿನಲ್ಲಿ ಮಿಂದಿರಬೇಕು, ಇಲ್ಲದಿದ್ದರೆ ಕುರ್ಚಿಯ ಹಿಡಿ ಮುಟ್ಟುವಂತಿಲ್ಲ. ದೇವಸ್ಥಾನದ ಜಗುಲಿಯಲ್ಲಿ ಅವರ ವಯಸ್ಸಿನ ನಾಲ್ಕೈದು ಹೆಂಗಸರು ಸೇರುತ್ತಿದ್ದರು. ಹಗಲೆಲ್ಲ ಗೋಡೆ ನೋಡಿಕೊಂಡು ಕೂತಿರುತ್ತಿದ್ದವರಿಗೆ ಆ ಒಂದು ಗಂಟೆಯ ಹರಟೆಯೇ ಜೀವ. ಅದಕ್ಕಾಗಿ ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತಿದ್ದರು.

ದೇವಸ್ಥಾನಕ್ಕೆ ಎರಡು ದಾರಿಗಳಿದ್ದವು. ಒಂದು ನುಣ್ಣಗಿತ್ತು, ಆದರೆ ಅಲ್ಲಿ ಮಾಂಸದ ಅಂಗಡಿಯಿತ್ತು. ಇನ್ನೊಂದಕ್ಕೆ ಡಾಂಬರು ಹಾಕುತ್ತೇವೆಂದು ಜಲ್ಲಿ ಸುರಿದು ಹೋದವರು ಮತ್ತೆ ಬಂದಿರಲಿಲ್ಲ. ಅತ್ತೆ ಯಾವ ದಾರಿ ಹಿಡಿಸುತ್ತಿದ್ದರೆಂದು ನಿಮಗೇ ಗೊತ್ತಾಗಿರಬೇಕು. ಗಟ್ಟಿ ಟೈರಿನಲ್ಲಿ ಜಲ್ಲಿಯ ಒಂದೊಂದು ಕಲ್ಲೂ ನೇರವಾಗಿ ಅವರ ಬೆನ್ನಿಗೆ ಹೋಗುತ್ತಿತ್ತು. ಕೆಲವು ತಿಂಗಳಲ್ಲಿ ಬೆನ್ನಿನ ಕೆಳತುದಿಯಲ್ಲಿ ಹುಣಸೆ ಬೀಜದಷ್ಟು ಹುಣ್ಣಾಯಿತು.

ಡಾಕ್ಟರು ನೋಡಿ, "ಈ ಟೈರಲ್ಲಿ ಓಡಾಡಿದ್ರೆ ಇದು ಮಾಯಲ್ಲ ಸಾರ್. ಸೈಕಲ್ ಥರ ಗಾಳಿ ಟೈರ್ ಹಾಕ್ಸಿ. ಇಲ್ಲ, ಇವರು ಹೊರಗೆ ಹೋಗೋದು ನಿಲ್ಸಿ" ಎಂದರು.

ಮನೆಗೆ ಬಂದು ತಾತ ನನ್ನನ್ನು ಕೇಳಿದರು, "ತಳ್ಳೋಳು ನೀನು. ಪಂಕ್ಚರ್ ಆದ್ರೆ ದಾರೀಲಿ ಒದ್ದಾಡೋಳೂ ನೀನೇ. ನೀನೇ ಹೇಳು, ಬದಲಾಯಿಸೋಣವಾ?"

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. "ನೋಡ್ಕೊಂಡು ಬರೋಣ ರೀ" ಎಂದೆ.

ಭಾನುವಾರ ಮಾರೇನಹಳ್ಳಿಯ ಒಂದು ಸೈಕಲ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನಿಗೆ ತಲೆ ನರೆತಿತ್ತು, ಮಾತು ಬಲು ಲವಲವಿಕೆ.

"ಅಜ್ಜಿಗಾ ಸಾರ್? ಕಣ್ಮುಚ್ಚಿ ಹಾಕ್ಸಿ. ಹೂವಿನ ಮೇಲೆ ಕೂತಂಗಿರ್ತಾರೆ."

"ಪಂಕ್ಚರ್ ಆದ್ರೆ?" ತಾತ ಕೇಳಿದರು.

"ಆಗತ್ತೆ. ಕಾಲು ಅಂದ್ಮೇಲೆ ಮುಳ್ಳು ಚುಚ್ಚಲ್ವಾ ಸಾರ್? ಅದಕ್ಕೆ ಅಂತ ಕಾಲು ಕಡ್ಕೊಂಡು ಮರದ ಕಾಲು ಹಾಕ್ಕೊಳ್ತೀವಾ?"

ತಾತ ಜೋರಾಗಿ ನಕ್ಕರು. ಅವನು ಒಂದು ಗಾಲಿಗೆ ಗಾಳಿ ಹೊಡೆದು, "ಒತ್ತಿ ನೋಡಿ ಅಮ್ಮ" ಎಂದು ನನ್ನ ಕಡೆ ಹಿಡಿದ. ಹೆಬ್ಬೆರಳಿನಿಂದ ಒತ್ತಿದೆ. ಮೆತ್ತಗೆ ಬಗ್ಗಿ ಮತ್ತೆ ಎದ್ದಿತು. ಆಮೇಲೆ ಅವನು ಬೆರಳು ನೆಕ್ಕಿ ಗಾಳಿ ತುಂಬುವ ವಾಲ್ವಿನ ಬಾಯಿಗೆ ಉಗುಳು ಹಚ್ಚಿದ. "ಗುಳ್ಳೆ ಏಳಲಿಲ್ಲ ಅಂದ್ರೆ ಗಾಳಿ ಭದ್ರ ಅಂತ" ಎಂದ. ತಾತ ಬೇರೆ ಕಡೆ ನೋಡುತ್ತಿದ್ದರು. ನಾನು ನೋಡಿದೆ. ಅವನ ಪಕ್ಕದಲ್ಲೇ ನೀರು ತುಂಬಿದ ಬೋಗುಣಿಯಿತ್ತು, ಅದನ್ನೂ ನೋಡಿದೆ. ಒಂದು ತೊಟ್ಟು ನೀರು ಹಚ್ಚಿದ್ದರೂ ಅದೇ ಕೆಲಸವಾಗುತ್ತಿತ್ತು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. "ಏನಂದನೋ?"

"ಹೂವಿನ ಮೇಲೆ ಕೂತಂಗಿರತ್ತಂತೆ ಕಣಮ್ಮ" ಎಂದರು ತಾತ.

"ಹಾಗಾದ್ರೆ ನಾಳೇನೇ ಹಾಕ್ಸಿಬಿಡಪ್ಪ. ಈ ನೋವು ತಡೆಯಕ್ಕಾಗ್ತಿಲ್ಲ." ಅವರ ಮುಖ ಮಗುವಿನ ಮುಖದಂತೆ ಅರಳಿತ್ತು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮೆಲ್ಲಗೆ ಹೇಳಿದೆ, "ಗಾಳಿ ನಿಲ್ಲತ್ತೋ ಇಲ್ವೋ ಅಂತ ವಾಲ್ವಿಗೆ ಎಂಜಲು ಹಚ್ಚಿ ನೋಡ್ತಾರೆ ಅತ್ತೆ. ನಿಮಗೆ ಪರವಾಗಿಲ್ವಾ?"

"ಎಂಜಲಾ?"

"ಹೂಂ ಅತ್ತೆ. ಬೆರಳು ನೆಕ್ಕಿ ಹಚ್ಚಿದ."

"ಲೇ, ಅದೆಲ್ಲ ಈಗ್ಯಾಕೆ?" ಎಂದು ತಾತ ಸಿಡುಕಿದರು. "ತೊಳೆದ್ರೆ ಹೋಯ್ತಮ್ಮ."

"ಎಂಜಲು ತೊಳೆದ್ರೆ ಹೋಗತ್ತೇನೋ? ಕಂಡೋರ ಎಂಜಲಿನ ಮೇಲೆ ಕೂತ್ಕೊಂಡು ದೇವರ ಮುಂದೆ ಹೋಗ್ಲಾ? ಬೇಡವೇ ಬೇಡ. ಇನ್ನೊಂದ್ಸಲ ಆ ಮಾತು ಎತ್ತಬೇಡ." ಅತ್ತೆ ನನ್ನ ಕಡೆ ತಿರುಗಿದರು. "ಇವಳಾದ್ರೂ ಹೇಳಿದ್ಳಲ್ಲ. ಅಂತೂ ಕಲಿತಳು."

ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಪ್ರತಿ ಸಂಜೆ ತಿರುವಿನಲ್ಲಿ ನಿಂತು ನಾನು ವಿನಯದಿಂದ ಕೇಳುತ್ತಿದ್ದೆ, "ಯಾವ ದಾರಿ ಅತ್ತೆ?" ಅವರು ಹಲ್ಲು ಕಚ್ಚಿಕೊಂಡು, "ದಿನಾ ಏನೇ ಕೇಳೋದು? ಜಲ್ಲಿ ದಾರೀನೇ" ಎನ್ನುತ್ತಿದ್ದರು. ನಿಧಾನವಾಗಿ ತಳ್ಳಬಹುದಿತ್ತು, ದೊಡ್ಡ ಕಲ್ಲುಗಳನ್ನು ತಪ್ಪಿಸಬಹುದಿತ್ತು. ತಪ್ಪಿಸಲಿಲ್ಲ. ಒಂದೊಂದು ಕಲ್ಲಿಗೂ ಅವರ ಗಂಟಲಿನಿಂದ ಸಣ್ಣದೊಂದು ಸದ್ದು ಬರುತ್ತಿತ್ತು. ಆ ಸದ್ದು ನನಗೆ ಹಿತವಾಗಿತ್ತು. ಹೀಗೆಂದು ಬರೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಎರಡು ತಿಂಗಳು ಕಳೆದಿರಬಹುದು. ಒಂದು ಸಂಜೆ ಜಲ್ಲಿಯ ನಡುವೆ, "ನಿಲ್ಸೇ" ಎಂದರು. ನಿಲ್ಲಿಸಿದೆ. ಆಮೇಲೆ, "ಆ ಗಾಳಿ ಟೈರೇ ಹಾಕ್ಸಕ್ಕೆ ಹೇಳು ಅವನಿಗೆ" ಎಂದರು.

"ಎಂಜಲು ಅತ್ತೆ?"

"ಇರ್ಲಿ."

"ಏನಂದ್ರಿ? ಕೇಳಿಸ್ಲಿಲ್ಲ."

"ಎಂಜಲಾದ್ರೂ ಇರ್ಲಿ ಅಂದೆ ಕಣೇ." ಅವರು ಅಳುತ್ತಿದ್ದರು. "ನನ್ನ ಬಾಯಿಂದ ಅವನಿಗೆ ಹೇಳಕ್ಕಾಗಲ್ಲ. ಅಷ್ಟು ಕೂಗಾಡಿದೀನಿ. ನೀನೇ ಹೇಳು."

ನಾನು ಹೇಳಲಿಲ್ಲ.

ಇಂದು ಹೇಳೋಣ, ನಾಳೆ ಹೇಳೋಣ ಎಂದು ಮರೆತದ್ದಲ್ಲ. ತಾತ ಊಟಕ್ಕೆ ಕೂತಾಗ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ಸಾರು ಬಡಿಸಿ ಒಳಗೆ ಹೋಗುತ್ತಿದ್ದೆ. ಅತ್ತೆ ಜಗುಲಿಯ ಗೆಳತಿಯರಿಗೆ, "ನನ್ ಮಗ ಈ ವಾರ ಹೊಸ ಟೈರ್ ಹಾಕಿಸ್ತಾನೆ" ಎಂದರು. ಮುಂದಿನ ವಾರ ಒಬ್ಬಾಕೆ, "ಏನ್ರೀ, ಎಲ್ಲಿ ಬಂತು ನಿಮ್ಮ ಟೈರು? ನಡ್ಕೊಂಡು ಬರ್ತಿದೆಯಾ?" ಎಂದು ನಗಾಡಿದಳು. "ಪಾಪ, ಓವರ್‌ಟೈಮು ಅವನಿಗೆ" ಎಂದರು ಅತ್ತೆ. ಆ ದಿನ ಮನೆಗೆ ಬರುವ ದಾರಿಯಲ್ಲಿ ನನ್ನನ್ನು ಕೇಳಿದರು.

"ಅವನಿಗೆ ಹೇಳಿದ್ಯೇನೇ?"

"ಹೇಳ್ದೆ ಅತ್ತೆ."

"ಏನಂದ?"

"ಏನೂ ಅನ್ಲಿಲ್ಲ."

ಎಂಜಲಿನ ಮಾತು ನಿಜವಾಗಿತ್ತು. ಇದು ಸುಳ್ಳು. ಅವರು ಮತ್ತೆ ಕೇಳಲಿಲ್ಲ.

ಮಾರನೆಯ ಸಂಜೆ ನಾನು ಕುರ್ಚಿ ಒರೆಸಿ ತಂದರೆ, "ಬೇಡ" ಎಂದು ಗೋಡೆಯ ಕಡೆ ಹೊರಳಿದರು. ಅದರ ಮಾರನೆಯ ದಿನವೂ ಬೇಡ. ತಾತ ಕೇಳಿದರೆ, "ನಿಂಗ್ಯಾಕೋ ಅದು?" ಎಂದರು. ತಾತ ಅಡುಗೆಮನೆಗೆ ಬಂದು, "ಅಮ್ಮಂಗೆ ನನ್ ಮೇಲೆ ಏನೇ ಕೋಪ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮಲಗಿದಲ್ಲೇ ಹುಣ್ಣು ಬೆಳೆಯಿತು. ಡಾಕ್ಟರು ಮನೆಗೇ ಬಂದು ಕೈಚೆಲ್ಲಿದರು. ಕೊನೆಯ ದಿನ ಬೆಳಿಗ್ಗೆ ತಾತ ಚಮಚದಲ್ಲಿ ನೀರು ಹಿಡಿದರೆ ಅತ್ತೆ ತುಟಿ ಬಿಗಿದುಕೊಂಡರು. ತಾತ ಮತ್ತೆ ಹಿಡಿದರು, ಅತ್ತೆ ಮುಖ ತಿರುಗಿಸಿದರು. ಚಮಚವನ್ನು ನಾನು ತೆಗೆದುಕೊಂಡೆ. ನಾನಿನ್ನೂ ಮಿಂದಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ನನ್ನ ಕೈಯಿಂದ ಮೂರು ಚಮಚ ಕುಡಿದರು.

ಕುರ್ಚಿಯನ್ನು ಆಮೇಲೆ ಯಾರೋ ಕೇಳಿ ತೆಗೆದುಕೊಂಡು ಹೋದರು. ಟೈರು ಹೊಸದರಂತೆಯೇ ಇತ್ತು.

ತಾತ ಅನಂತರ ಬಹಳ ವರ್ಷ ಬದುಕಿದರು. ತಾಯಿಯ ತಿಥಿ ಬಂದಾಗಲೆಲ್ಲ, "ನಾನೇನು ತಪ್ಪು ಮಾಡಿದ್ನೋ, ಅಮ್ಮ ನನ್ ಕೈಯಿಂದ ನೀರು ಕುಡೀಲಿಲ್ಲ" ಎನ್ನುತ್ತಿದ್ದರು. ತಮ್ಮ ಕೊನೆಯ ಕಾಲದಲ್ಲಿ ಆಸ್ಪತ್ರೆಯ ಮಂಚದ ಮೇಲೂ ಅದನ್ನೇ ಕೇಳಿದರು. ನಾನು ಅವರ ಕಾಲು ಒತ್ತುತ್ತ ಕೂತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವರು ಕಾಲು ಎಳೆದುಕೊಳ್ಳುತ್ತಾರೆಂದು ಹೆದರಿ, ಒತ್ತುತ್ತಲೇ ಇದ್ದೆ.

ಓದಿದ ಮೇಲೆ ನಿಮಗೆ ನನ್ನ ಮೇಲೆ ಅಸಹ್ಯವಾದರೆ ಆಗಲಿ. ಆದರೆ ಈ ಹಾಳೆಗಳನ್ನು ಹರಿಯಬೇಡಿ, ರದ್ದಿಗೆ ಹಾಕಬೇಡಿ. ನಿಮ್ಮ ತಾತ ತಮ್ಮ ತಾಯಿಗೆ ಯಾವ ತಪ್ಪನ್ನೂ ಮಾಡಲಿಲ್ಲವೆಂಬುದನ್ನು ನಾನು ಬೇರೆಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ನೀರು ತಾಗದ ಕಡೆ ಇಡಿ.