ಸಿಪ್ರಿಯನ್ನನ ಬಿಲ್ಲೆ

ಆದಿತ್ಯವಾರ ನನ್ನ ಗಂಡ ಗುರುವಪ್ಪ ಮಧ್ಯಾಹ್ನದವರೆಗೆ ಮಲಗಿದರು. ಎದ್ದು, ಬೂತಾಯಿ ಮೀನಿನ ಸಾರಿಗೆ ಉಪ್ಪು ಹೆಚ್ಚಾಯಿತು ಎಂದರು. ಹಾಗಾದರೆ ಬಿಡಿ ಎಂದೆ. ಎರಡು ಸಲ ಹಾಕಿಸಿಕೊಂಡರು. ಅದು ೧೯೫೮.

ಹಂಚಿನ ಕಾರ್ಖಾನೆಯಲ್ಲಿ ಅವರು ಬದಲಿ ಆಳು. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಲ್ಲುವುದು. ಯಾರಾದರೂ ಬಾರದಿದ್ದರೆ ಒಳಗೆ ಕರೆಯುತ್ತಾರೆ, ಇಲ್ಲದಿದ್ದರೆ ವಾಪಸು. ಆರು ವರ್ಷ ಹೀಗೆ. ಕಾಯಂ ಆದವರಿಗೆ ನಂಬ್ರದ ಹಿತ್ತಾಳೆ ಬಿಲ್ಲೆ ಉಂಟು. ಅದನ್ನು ಗೇಟಿನಲ್ಲಿ ಕೊಟ್ಟರೆ ಹಾಜರಿ. ಇವರಿಗೆ ಬಿಲ್ಲೆ ಇಲ್ಲ.

ಸಂಜೆ ನೆರೆಮನೆಯ ಸಿಪ್ರಿಯನ್ ಜ್ವರದಲ್ಲಿ ನಡುಗುತ್ತಾ ಬಂದ. ಅವನು ಕಾಯಂ. ಆ ತಿಂಗಳು ಎರಡು ಸಲ ಕೆಲಸ ತಪ್ಪಿಸಿದ್ದ. ಮೂರನೆಯದಕ್ಕೆ ಹೆಸರು ಹೊಡೆದು ಹಾಕುತ್ತಾರೆ.

"ಗುರುವಪ್ಪಣ್ಣ, ನಾಳೆ ನನ್ನ ಬಿಲ್ಲೆಯಲ್ಲಿ ಹೋಗಿ."

"ಕೊಡು ಮಾರಾಯ. ನಿನ್ನ ಬದಲಿಗೆ ಇಗರ್ಜಿಯ ಪೂಜೆಗೂ ನಾನೇ ಹೋಗ್ಬೇಕಾ?" ಇವರು ನಕ್ಕರು.

ಸೋಮವಾರ ಮಣ್ಣು ಅರೆಯುವ ಮೆಷಿನು ಅವರ ಕೈ ಹಿಡಿಯಿತು. ಕೈಯ ಹಿಂದೆ ಭುಜ, ಆಮೇಲೆ ತಲೆ. ಬೆಲ್ಟು ನಿಲ್ಲಿಸುವಷ್ಟರಲ್ಲಿ ಆಚೆ ಬದಿಯಿಂದ ಬಂದ ಜೇಡಿಮಣ್ಣಿನಲ್ಲಿ ಅವರ ಅಂಗಿಯ ಚೂರು ಇತ್ತು. ನಾನು ಹೋದಾಗ ಗೋಣಿ ಮುಚ್ಚಿದ್ದರು. ಎತ್ತಿದೆ. ಮುಖ ಇರಲಿಲ್ಲ. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ಅದರಿಂದ ಗುರುತು ಹಿಡಿದೆ.

ಹಾಜರಿ ಬರೆಯುವ ರೈಟರ್ ಮೋಹನದಾಸ್ ಪುಸ್ತಕ ತೆರೆದ. "ಇವನು ನಮ್ಮ ಕೆಲಸದವನೇ ಅಲ್ಲ. ಕದ್ದು ಒಳಗೆ ಬಂದವ. ಹಾಜರಿ ಸಿಪ್ರಿಯನ್ನನದ್ದು ಉಂಟು, ಸಿಪ್ರಿಯನ್ ಬದುಕಿದ್ದಾನೆ."

"ಹಾಗಾದರೆ ಮೆಷಿನಿನಲ್ಲಿ ಇರುವುದು ಯಾರ ರಕ್ತ?"

"ಹೋಗಮ್ಮ, ಸುಮ್ಮನೆ ಗಲಾಟೆ ಬೇಡ."

ಕೈಗೆ ಒಂದು ಹಂಚು ಸಿಕ್ಕಿತು. ಅವನ ಹಣೆಗೆ ಹೊಡೆದೆ. ಹಣೆ ಒಡೆಯಿತು. ವಾಚ್‌ಮನ್ ನನ್ನ ಕೂದಲು ಹಿಡಿದು ಗೇಟಿನವರೆಗೆ ಎಳೆದ.

ಇವರು ಅಲ್ಲಿಯ ಕೆಲಸದವರೇ ಎಂದು ಯೂನಿಯನ್ನಿನವರು ಲೇಬರ್ ಆಫೀಸಿಗೆ ಅರ್ಜಿ ಹಾಕಿದರು. ಬಿಲ್ಲೆ ಕೊಟ್ಟದ್ದು ತಾನೇ ಎಂದು ಸಿಪ್ರಿಯನ್ ಬಾಯಿ ಬಿಡಬೇಕಿತ್ತು. ಬಿಟ್ಟರೆ ಅವನ ಕೆಲಸ ಹೋಗುತ್ತದೆ. ಮೂರು ದಿನ ಅವನು ಹೊರಗೆ ಬರಲಿಲ್ಲ. ನಾಲ್ಕನೇ ದಿನ ಕತ್ತಿ ಹಿಡಿದು ಹೋದೆ. ಅವನ ಹೆಂಡತಿ ಬರ್ನಡೆಟ್ ಬಾಗಿಲಿಗೆ ಅಡ್ಡ ನಿಂತಳು.

"ಕಡಿಯುವುದಾದರೆ ನನ್ನನ್ನು ಕಡಿಯಿರಿ ಅಕ್ಕ."

ಅವಳ ಹಿಂದಿನಿಂದ ಅವನ ಸ್ವರ ಬಂತು. "ಕತ್ತಿ ಕೆಳಗಿಡಿ. ಬರ್ತೇನೆ."

ಆಫೀಸಿನಲ್ಲಿ ಎಲ್ಲ ಹೇಳಿದ. ನಾವು ಒಟ್ಟಿಗೆ ತಿರುಗಿ ಬರುವಾಗ ಕಾರ್ಖಾನೆಯ ನಾಲ್ಕು ಜನ ಅವನನ್ನು ದಾರಿಯಲ್ಲಿ ಹಾಕಿ ತುಳಿದರು. ನಾನು ಅಡ್ಡವಾಗಿ ಅವನ ಮೇಲೆ ಬಿದ್ದೆ, ನನ್ನ ಬೆನ್ನಿಗೂ ಸಿಕ್ಕಿತು. ಅವನ ಎಡಗಣ್ಣು ಹೋಯಿತು. ಕೆಲಸವೂ ಹೋಯಿತು.

ಗುರುವಪ್ಪ ಆ ಕಾರ್ಖಾನೆಯ ಕೆಲಸಗಾರ ಎಂದು ಆಫೀಸಿನವರು ಬರೆದು ಕೊಟ್ಟರು. ಬದುಕಿದ್ದಾಗ ಯಾರೂ ಬರೆದಿರಲಿಲ್ಲ. ಅದೇ ಕಾಗದ ತೋರಿಸಿ, ಸತ್ತ ಕೆಲಸಗಾರನ ಹೆಂಡತಿ ಎಂದು ಯೂನಿಯನ್ನಿನವರು ಒತ್ತಾಯಿಸಿದ ಮೇಲೆ, ನಾನು ಅದೇ ಕಾರ್ಖಾನೆಯಲ್ಲಿ ಹಂಚು ಹೊರುವ ಕೆಲಸಕ್ಕೆ ಸೇರಿದೆ. ನನಗೆ ಬಿಲ್ಲೆ ಉಂಟು.

ಈಗಲೂ ಬೆಳಿಗ್ಗೆ ಎದ್ದು ಎರಡು ಪಾತ್ರೆಗೆ ಗಂಜಿ ಬಗ್ಗಿಸುತ್ತೇನೆ. ಒಂದನ್ನು ಸಿಪ್ರಿಯನ್ನನ ಜಗಲಿಯಲ್ಲಿ, ಅವನ ಕಣ್ಣಿರುವ ಬದಿಗೆ ಇಟ್ಟು, ಇನ್ನೊಂದನ್ನು ಹಿಡಿದು ಗೇಟಿಗೆ ನಡೆಯುತ್ತೇನೆ.